ಲ್ಯಾಬ್, ಮುಧೋಳ, ಬೀದಿ ಮರಿ: ಮೂರನ್ನೂ ಸಾಕಿದ ಮೇಲೆ ನನ್ನ ಲೆಕ್ಕ

"ನಾಯಿ ತರಬೇಕು ಅಂತಿದೀವಿ ಅಕ್ಕ, ಯಾವುದು ತರೋಣ ಹೇಳಿ" ಅಂತ ಈ ವರ್ಷ ನಾಲ್ಕು ಮನೆಯವರು ಕೇಳಿದ್ದಾರೆ. ನಮ್ಮನೆಯಲ್ಲಿ ಮೂರು ಥರದ ನಾಯಿ ಇದ್ದದ್ದು ಓಣಿಗೆಲ್ಲ ಗೊತ್ತು, ಅದಕ್ಕೇ ಕೇಳುತ್ತಾರೆ. ಪ್ರತಿ ಸಲ ಗೇಟಿನ ಹತ್ತಿರ ನಿಂತು ಅರ್ಧ ಗಂಟೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

2012ರಲ್ಲಿ ಬಂದವನು ಲ್ಯಾಬ್ರಡಾರ್, ಹೆಸರು ಬೆಣ್ಣೆ. ಮೈಬಣ್ಣ ಹಾಗೇ ಇತ್ತು, ಊರು ನೋಡಿದರೆ ದಾವಣಗೆರೆ, ಬೇರೆ ಹೆಸರು ಯಾರ ಬಾಯಿಗೂ ಬರಲಿಲ್ಲ. 2017ರಲ್ಲಿ ಮುಧೋಳದ ಹೆಣ್ಣು ಮರಿ ಬಂತು, ಅವಳು ಚೆಲುವಿ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲುಗಳೆಲ್ಲ ಮುಚ್ಚಿ ಬೀದಿ ನಾಯಿಗಳಿಗೆ ಎಂಜಲೆಲೆಯೂ ಸಿಗದ ಹೊತ್ತಿನಲ್ಲಿ ನಮ್ಮ ಗೇಟಿನ ಕೆಳಗೆ ತೂರಿ ಬಂದವನು ಕೆಂಚ. ಸುಮಾರು ಮೂರು ವರ್ಷ ಮೂರೂ ಒಂದೇ ಸೂರಿನಡಿ ಇದ್ದವು. ಮನೆ 30x40ರ ಸೈಟಿನದು. ಅತ್ತೆ, ಮಾವ, ನಮ್ಮನೆಯವರು, ನಾನು, ಮಗ. ಊರ ಹೊರಗೆ ಭದ್ರಾ ಚಾನಲ್ ಪಕ್ಕ ಸ್ವಲ್ಪ ಗದ್ದೆ ಇದೆ, ಭಾನುವಾರ ನಾಯಿಗಳೂ ನಮ್ಮ ಜೊತೆ ಅಲ್ಲಿಗೆ ಹೋಗುತ್ತಿದ್ದವು. ನಾನು ಹೇಳುವುದೆಲ್ಲ ಇಷ್ಟರೊಳಗೆ ಕಣ್ಣಾರೆ ಕಂಡದ್ದು.

ಮೊದಲು ಬಿಸಿಲಿನ ಮಾತು. ದಾವಣಗೆರೆಯಲ್ಲಿ ನಾಯಿ ತರುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ, ನಾವಂತೂ ಯೋಚಿಸಿರಲಿಲ್ಲ. ಏಪ್ರಿಲ್ ಬಂತೆಂದರೆ ಇಲ್ಲಿ 38, 39 ಡಿಗ್ರಿ ಮಾಮೂಲು. ಲ್ಯಾಬ್‌ಗೆ ಎರಡು ಪದರ ಕೂದಲು. ಅದರ ಹಿರೀಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಜೊತೆ ಕೊರೆಯುವ ನೀರಿಗಿಳಿದು ಬಲೆ, ಮೀನು ಎಳೆದು ತರುತ್ತಿದ್ದ ನಾಯಿಗಳು. ಆಮೇಲೆ ಇಂಗ್ಲೆಂಡಿನವರು ಹೊಡೆದುರುಳಿಸಿದ ಹಕ್ಕಿ ಎತ್ತಿ ತರಲಿಕ್ಕೆ ಅಂತ ತಿದ್ದಿ ತಿದ್ದಿ ಈ ತಳಿ ಮಾಡಿದರು. ಅಂಥ ನಾಯಿಯನ್ನು ತಂದು ನಾವು ಹೆಂಚಿನ ಮೇಲೆ ಕೂರಿಸಿದ ಹಾಗಾಯಿತು. ನಾಯಿಗೆ ನಮ್ಮ ಥರ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಬೆಣ್ಣೆ ಮಾರ್ಚ್‌ನಿಂದ ಮೇ ಮುಗಿಯುವವರೆಗೆ ಬಚ್ಚಲುಮನೆ ಬಿಟ್ಟು ಬರುತ್ತಲೇ ಇರಲಿಲ್ಲ. ಸ್ನಾನಕ್ಕೆ ಹೋದವರು ಅವನನ್ನು ದಾಟಿಕೊಂಡು ಹೋಗಬೇಕು, ಅವನು ಏಳುವುದಿಲ್ಲ, ಒದ್ದೆ ನೆಲಕ್ಕೆ ಬಾಲ ಮಾತ್ರ ಪಟಪಟ ಬಡಿಯುತ್ತಾನೆ.

ಒಂದು ಏಪ್ರಿಲ್‌ನಲ್ಲಿ ಸಂಜೆ ಐದಕ್ಕೇ ವಾಕಿಂಗ್ ಕರೆದುಕೊಂಡು ಹೋದೆವು. ಬಿಸಿಲು ಇಳಿದಿದೆ ಅಂದುಕೊಂಡಿದ್ದೆವು, ರಸ್ತೆ ಇನ್ನೂ ಕಾದಿದೆ ಅನ್ನುವುದು ತಲೆಗೆ ಹೊಳೆಯಲಿಲ್ಲ. ವಾಪಸು ಬರುವಾಗ ಅವನು ಕಾಲು ಚೆಲ್ಲಿ ಕೂತುಬಿಟ್ಟ, ನಾಲಿಗೆ ಕಡುಗೆಂಪಾಗಿತ್ತು, ಕರೆದರೆ ತಿರುಗಿ ನೋಡಲೂ ಇಲ್ಲ. ಎದುರು ಮನೆಯ ನಲ್ಲಿ ನೀರು ಹಿಡಿದು ಹೊಟ್ಟೆಗೆ, ಪಾದಕ್ಕೆ ಸುರಿದು, ಆಟೋದಲ್ಲಿ ಹಾಕಿಕೊಂಡು ಡಾಕ್ಟರ್ ಹತ್ತಿರ ಓಡಿದೆವು. ಜ್ವರದ ಕಡ್ಡಿ ಇಟ್ಟರೆ 41 ಡಿಗ್ರಿ. ನಾಯಿಯ ಮೈ ನಮಗಿಂತ ಬಿಸಿ ಹೌದು, ಆದರೆ 39ರ ಆಸುಪಾಸಿನಲ್ಲಿ ಇರಬೇಕು. ಅವತ್ತು ಅವನು ಉಳಿದದ್ದೇ ಹೆಚ್ಚು. ಅಂದಿನಿಂದ ಬೇಸಿಗೆಯಲ್ಲಿ ಬೆಳಗ್ಗೆ ಐದೂವರೆಗೆ ಒಂದು ಸುತ್ತು, ರಾತ್ರಿ ಊಟ ಆದ ಮೇಲೆ ಇನ್ನೊಂದು, ಹೊರಡುವ ಮುಂಚೆ ಟಾರು ರಸ್ತೆಗೆ ಅಂಗೈ ಹಿಂಭಾಗ ಒತ್ತಿ ನೋಡುವುದು. ನನಗೆ ಸುಟ್ಟರೆ ಅವನ ಪಾದಕ್ಕೂ ಸುಡುತ್ತದೆ, ಅಷ್ಟೇ ಲೆಕ್ಕ.

ಚೆಲುವಿಗೆ ಬಿಸಿಲು ಲೆಕ್ಕಕ್ಕೇ ಇಲ್ಲ. ಮೈಮೇಲೆ ಗೇಣಗಲ ಕೊಬ್ಬಿಲ್ಲ, ಕೂದಲು ತೆಳ್ಳಗೆ ಅಂಟಿಕೊಂಡ ಹಾಗಿದೆ, ಮಧ್ಯಾಹ್ನ ತಾರಸಿ ಮೇಲೆ ಬೇಕಂತಲೇ ಬಿಸಿಲಿಗೆ ಮೈ ಚಾಚುತ್ತಾಳೆ. ಆದರೆ ಡಿಸೆಂಬರ್ ಬೆಳಗ್ಗೆ ಅವಳನ್ನು ನೋಡೋಕಾಗುವುದಿಲ್ಲ, ಎಲೆ ಥರ ನಡುಗುತ್ತಾಳೆ. ನನ್ನ ತವರು ಚಳ್ಳಕೆರೆ ಕಡೆ, ಅಲ್ಲಿ ಕುರಿಯುಣ್ಣೆ ಕಂಬಳಿಗೆ ಬರವಿಲ್ಲ. ಅಪ್ಪ ಮೊಮ್ಮಗನಿಗೆ ಅಂತ ಕೊಟ್ಟ ಕರಿ ಕಂಬಳಿ ಮೊದಲ ಚಳಿಗಾಲದಲ್ಲೇ ಚೆಲುವಿಯದಾಯಿತು. ಕೆಂಚನಿಗೆ ಬಿಸಿಲೂ ಆಯಿತು, ಚಳಿಯೂ ಆಯಿತು. ಬಿಸಿಲಾದರೆ ನೀರಿನ ತೊಟ್ಟಿಯ ಪಕ್ಕ ಹಸಿ ಮಣ್ಣು ಕೆರೆದು ಗುಂಡಿ ಮಾಡಿ ಮಲಗುತ್ತಾನೆ, ಚಳಿಯಾದರೆ ಬಾಲಕ್ಕೆ ಮೂಗು ಹೂತು ಉಂಡೆಯಾಗುತ್ತಾನೆ. ಅವನ ವಂಶ ಎಷ್ಟೋ ತಲೆಮಾರಿನಿಂದ ಇದೇ ನೆಲದಲ್ಲಿ ಬದುಕಿದೆ, ಯಾರೂ ಕಲಿಸಬೇಕಾಗಿಲ್ಲ.

ಇನ್ನು ಕಳ್ಳತನ. ಇದರಲ್ಲಿ ಮೂರರ ಗುಣವೂ ಅಂಗೈ ಮೇಲಿನ ನೆಲ್ಲಿಕಾಯಿ ಥರ ಕಾಣುತ್ತದೆ, ಸ್ವಲ್ಪ ವಿವರವಾಗೇ ಹೇಳುತ್ತೇನೆ. ನಮ್ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಜೋಳದ ರೊಟ್ಟಿ. ಅತ್ತೆ ರೊಟ್ಟಿ ಬಡಿದು ಬೇಯಿಸಿ ಕಟ್ಟೆ ಮೇಲಿನ ಬುಟ್ಟಿಯಲ್ಲಿ ಒಂದರ ಮೇಲೊಂದು ಇಡುತ್ತಾರೆ.

ಬೆಣ್ಣೆಯ ಬಾಯಿಗೆ ಸಿಕ್ಕರೆ ಬುಟ್ಟಿಯೇ ಖಾಲಿ. ಅವನಿಗೆ ಸಾಕು ಅನ್ನುವ ಮಾತೇ ಇಲ್ಲ. ಒಂದು ಯುಗಾದಿಗೆ ಹೋಳಿಗೆ ಮಾಡಲು ರುಬ್ಬಿಟ್ಟಿದ್ದ ಹೂರಣ, ಏನಿಲ್ಲವೆಂದರೂ ಎರಡು ಕೆ.ಜಿ., ಅತ್ತೆ ಕಣಕ ನಾದಿ ತಿರುಗುವಷ್ಟರಲ್ಲಿ ಪಾತ್ರೆ ತಿಕ್ಕಿ ತೊಳೆದಿಟ್ಟ ಹಾಗಿತ್ತು. ಅವನು ಪಾತ್ರೆ ಪಕ್ಕದಲ್ಲೇ ಮಲಗಿದ್ದ. ಮೂಗಿನ ತುದಿಗೆ ಹೂರಣ, ಓಡಿಹೋಗಬೇಕು ಅನ್ನುವ ಯೋಚನೆಯೂ ಇಲ್ಲ. ಆ ವರ್ಷ ನಮಗೆ ಹೋಳಿಗೆ ಇಲ್ಲ, ಅವನಿಗೆ ಸಂಜೆ ಹೊಟ್ಟೆ ಉಬ್ಬಿ ಮಗ್ಗುಲು ಬದಲಿಸಲೂ ಆಗಲಿಲ್ಲ. ಡಾಕ್ಟರ್ ಮೊದಲು ಕೇಳಿದ್ದು "ಒಣದ್ರಾಕ್ಷಿ ಏನಾದರೂ ಇತ್ತಾ ಅದರಲ್ಲಿ" ಅಂತ. ಇರಲಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ, ಈರುಳ್ಳಿ ರಕ್ತ ಕೆಡಿಸುತ್ತದೆ ಅಂತ ನನಗೆ ತಿಳಿದದ್ದು ಅವತ್ತೇ. ನಮ್ಮೂರಲ್ಲಿ ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಇಲ್ಲದ ಮನೆ ಇಲ್ಲ, ಒಗ್ಗರಣೆ ಮಂಡಕ್ಕಿಗೆ ಈರುಳ್ಳಿ ಬಿದ್ದೇ ಬೀಳುತ್ತದೆ. ಹಾಗಾಗಿ ಒಗ್ಗರಣೆ ಹಾಕುವ ಮುಂಚೆ ಖಾಲಿ ಮಂಡಕ್ಕಿ ಒಂದು ಹಿಡಿ ಬೆಣ್ಣೆಗೆ ಅಂತ ಎತ್ತಿಡುವುದು ರೂಢಿಯಾಯಿತು. ಅವನು ಒಂದೊಂದೇ ಕಾಳನ್ನು ನಾಲಿಗೆ ತುದಿಯಿಂದ ಎತ್ತಬೇಕು, ಹಗುರಾದ ಮಂಡಕ್ಕಿ ಉಸಿರಿಗೇ ಹಾರಿ ಮುಂದೆ ಹೋಗಬೇಕು, ಅವನು ಅದರ ಹಿಂದೆ ಹೊಟ್ಟೆ ಎಳೆದುಕೊಂಡು ಹೋಗಬೇಕು, ಹೀಗೆ ಪಡಸಾಲೆ ಈ ತುದಿಯಿಂದ ಆ ತುದಿವರೆಗೆ. ಎಷ್ಟು ವರ್ಷ ನೋಡಿದರೂ ನನಗೆ ಬೇಜಾರಾಗಲಿಲ್ಲ.

ಲ್ಯಾಬ್‌ಗಳ ಈ ಹಸಿವು ಬರೀ ಕೆಟ್ಟ ಅಭ್ಯಾಸ ಅಲ್ವಂತೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ, ಹೊಟ್ಟೆ ತುಂಬಿದೆ ಅಂತ ಮಿದುಳಿಗೆ ತಿಳಿಸುವ ಒಂದು ಜೀನ್‌ನಲ್ಲೇ ತುಣುಕು ತಪ್ಪಿಹೋಗಿದೆ ಅಂತ ಕೇಂಬ್ರಿಡ್ಜ್‌ನವರು 2016ರಲ್ಲಿ ಕಂಡುಹಿಡಿದರು. ಇದನ್ನು ಓದಿದ ಮೇಲೆ ನಾನು ಬೆಣ್ಣೆಗೆ ಬೈಯುವುದು ಬಿಟ್ಟೆ, ಅಡಿಗೆಮನೆ ಬಾಗಿಲಿಗೆ ಚಿಲಕ ಹಾಕಿಸಿದೆ.

ಚೆಲುವಿಯದು ಬೇರೆ ಥರ. ಎತ್ತರ ಜಾಸ್ತಿ, ಕತ್ತು ಉದ್ದ, ಕಟ್ಟೆಗೆ ಎಗರುವುದೇ ಬೇಡ. ಬುಟ್ಟಿಯ ಮೇಲಿನ ಒಂದೇ ಒಂದು ರೊಟ್ಟಿ ಹಲ್ಲಿನ ತುದಿಯಲ್ಲಿ ಹಿಡಿದು, ಕೆಳಗಿನದು ಅಲುಗದ ಹಾಗೆ ಎತ್ತಿಕೊಂಡು, ಸದ್ದಿಲ್ಲದೆ ಮೆಟ್ಟಿಲು ಹತ್ತಿ ಹೋಗುತ್ತಾಳೆ. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. "ಇಪ್ಪತ್ತು ಬಡಿದಿದ್ದೆ, ಒಂದು ಕಮ್ಮಿ ಬರ್ತತಿ ನೋಡವ್ವಾ, ನನಗೆ ಮರೆವು ಶುರುವಾಗೈತೇನೋ" ಅಂತ ಅತ್ತೆ ನಿಜಕ್ಕೂ ಹೆದರಿಕೊಂಡಿದ್ದರು. ಒಂದು ದಿನ ಮಗ ತಾರಸಿಗೆ ಗಾಳಿಪಟ ಹಾರಿಸಲು ಹೋದಾಗ ಅವಳು ಮುಂಗಾಲಿನ ನಡುವೆ ರೊಟ್ಟಿ ಹಿಡಿದುಕೊಂಡು ಅಂಚಿನಿಂದ ಚೂರು ಚೂರೇ ಕಚ್ಚುತ್ತಾ ಕೂತಿದ್ದಳಂತೆ. ಅತ್ತೆಗೆ ಸಿಟ್ಟು ಬರುವ ಬದಲು ಹೋದ ಜೀವ ಬಂದ ಹಾಗಾಯಿತು.

ಕೆಂಚ ಕದ್ದರೆ ತಿನ್ನುವುದಿಲ್ಲ, ಬಚ್ಚಿಡುತ್ತಾನೆ. ಹೊಟ್ಟೆ ತುಂಬ ಹಾಕಿದ ಮೇಲೂ ಅರ್ಧ ರೊಟ್ಟಿ ಬಾಯಲ್ಲಿ ಹಿಡಿದು ಅಂಗಳವೆಲ್ಲ ಸುತ್ತಿ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ದಾಸವಾಳದ ಕುಂಡದಲ್ಲಿ ಮಣ್ಣು ತೋಡಿ ಇಟ್ಟು, ಮೂಗಿನಿಂದಲೇ ಮಣ್ಣು ಮುಚ್ಚುತ್ತಾನೆ. ಕಾಲಲ್ಲಿ ತೋಡಿ ಮೂಗಿನಿಂದ ಮುಚ್ಚುವುದು, ಮೂತಿಯೆಲ್ಲ ಕೆಮ್ಮಣ್ಣು. ಒಂದು ಸಲ ಗಿಡ ಬದಲಿಸಲು ಕುಂಡ ಮಗುಚಿದರೆ ಏಳು ತುಂಡು ಬೂಸ್ಟು ಹಿಡಿದ ರೊಟ್ಟಿ ಬಿತ್ತು. ನಾನು ಬೈಯಲು ಬಾಯಿ ತೆರೆದೆ, ಅತ್ತೆ ತಡೆದರು. "ಉಪವಾಸ ಕಂಡ ಜೀವ ಅದು, ಇಟ್ಕಳ್ಳಿ ಬಿಡವ್ವ." ಬಂದು ಐದು ವರ್ಷ ದಾಟಿದೆ, ಇವತ್ತಿಗೂ ಆ ಅಭ್ಯಾಸ ಬಿಟ್ಟಿಲ್ಲ.

ಕರೆದರೆ ಬರುತ್ತಾವಾ? ಬೆಣ್ಣೆ ಕರೆಯುವ ಮುಂಚೆ ಬರುತ್ತಿದ್ದ. ನೀರು ಕಂಡರೆ ಮಾತ್ರ ಕಿವುಡ. ಲ್ಯಾಬ್‌ಗೆ ಬೆರಳುಗಳ ನಡುವೆ ಬಾತುಕೋಳಿ ಥರ ಚರ್ಮ ಇರುತ್ತದೆ, ಈಜು ಹುಟ್ಟಿನಿಂದಲೇ ಬರುತ್ತದೆ. ಗದ್ದೆಯ ಕಾಲುವೆಯಲ್ಲಿ ಬಿಡುತ್ತಿದ್ದೆವು, ದೊಡ್ಡ ಚಾನಲ್ ಹತ್ತಿರ ಹೋದಾಗ ಹಗ್ಗ ಬಿಚ್ಚುತ್ತಿರಲಿಲ್ಲ. ಅಲ್ಲಿ ನೀರಿನ ಸೆಳೆತ ಜೋರು, ದಡ ಜಾರುತ್ತದೆ, ಎಂಥ ಈಜುಗಾರನಾದರೂ ಮೇಲೆ ಬರುವುದು ಕಷ್ಟ.

ಮುಧೋಳದ ಕಥೆಯೇ ಬೇರೆ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಮುಧೋಳದ ಘೋರ್ಪಡೆ ಅರಸರು ಆಸೆಯಿಂದ ಉಳಿಸಿ ಬೆಳೆಸಿದ ತಳಿ, 2005ರಲ್ಲಿ ಇದರ ಅಂಚೆಚೀಟಿಯೂ ಬಂತು, ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಇದಕ್ಕೇ ಅಂತ ಸಂಶೋಧನಾ ಕೇಂದ್ರವೂ ಇದೆ. ನಮ್ಮ ಕರ್ನಾಟಕದ ನಾಯಿ ಅಂತ ನನಗೆ ಅವಳ ಮೇಲೆ ಹೆಮ್ಮೆ ಜಾಸ್ತಿ. ಆದರೆ ಹೊಲದಂಚಿನಲ್ಲಿ ಒಂದು ಮೊಲ ಕದಲಿತು ಅಂದರೆ ಮುಗಿಯಿತು, ನಮ್ಮ ಕೂಗು ಅವಳ ಕಿವಿಗೆ ಬೀಳುವುದಿಲ್ಲ. ಒಂದು ಭಾನುವಾರ ಹಾಗೆ ಹೋದವಳು ಒಂದೂವರೆ ಗಂಟೆ ಆದ ಮೇಲೆ ಕುಂಟುತ್ತಾ ಬಂದಳು. ಮುಂಗಾಲಿನ ಮೆತ್ತೆಯಲ್ಲಿ ಜಾಲಿ ಮುಳ್ಳು ಮುರಿದಿತ್ತು. ಬದುವಿನ ಮೇಲೆ ಕೂತು ಅವಳ ಕಾಲನ್ನು ನನ್ನ ತೊಡೆ ಮೇಲಿಟ್ಟುಕೊಂಡೆ, ಎದೆ ಇನ್ನೂ ಡವಡವ ಬಡಿಯುವುದು ಪಕ್ಕೆಲುಬಿನ ಮೇಲೆ ಕಣ್ಣಿಗೇ ಕಾಣುತ್ತಿತ್ತು. ಸೀರೆ ಪಿನ್ನಿನಿಂದ ಸುತ್ತಲಿನ ಚರ್ಮ ಸರಿಸಿ, ಉಗುರಿನಲ್ಲಿ ಹಿಡಿದು ಎಳೆದರೆ ಅರ್ಧ ಇಂಚಿನ ಕರಿ ಮುಳ್ಳು ಬಂತು, ಹಿಂದೆಯೇ ಒಂದು ಹನಿ ರಕ್ತ. ಅವಳು ಕುಂಯ್ ಅನ್ನಲಿಲ್ಲ, ಕಾಲೂ ಎಳೆದುಕೊಳ್ಳಲಿಲ್ಲ, ಕಣ್ಣು ಮಾತ್ರ ಆ ಮೊಲ ಹೋದ ದಿಕ್ಕಿಗೇ ಇತ್ತು. ಓಣಿಯಲ್ಲಿ ಮೂರು ಕೋಳಿಗಳ ದುಡ್ಡೂ ಕೊಟ್ಟಿದ್ದೇವೆ. ಕೋಳಿ ಸಾಕಿದವರ ಮುಂದೆ ನಿಂತು ಕ್ಷಮೆ ಕೇಳುವುದು ಇದೆಯಲ್ಲ, ಅದು ದುಡ್ಡಿಗಿಂತ ಕಷ್ಟ. ಆರಡಿ ಕಾಂಪೌಂಡ್ ಇಲ್ಲದವರು ಮುಧೋಳದ ಆಸೆ ಬಿಡಿ.

ಕೆಂಚ ಕರೆದರೆ ಒಂದು ಗಳಿಗೆ ನಿಂತು ಯೋಚಿಸುತ್ತಾನೆ, ಆಮೇಲೆ ಬರುತ್ತಾನೆ. ಬಂದೇ ಬರುತ್ತಾನೆ.

ಕಾವಲಿನಲ್ಲಿ ಯಾವುದು ಮೇಲು ಅಂತ ಎಲ್ಲರೂ ಕೇಳುತ್ತಾರೆ. ಬೆಣ್ಣೆ ಸಿಲಿಂಡರ್ ತಂದವರಿಗೆ ತಾನೇ ಅವರ ಚಪ್ಪಲಿ ಎತ್ತಿ ಒಳಗೆ ತಂದಿಡುತ್ತಿದ್ದ. ಚೆಲುವಿ ಬೊಗಳುವುದು ಕಡಿಮೆ, ಸುಮ್ನೆ ನೋಡುತ್ತಾ ನಿಲ್ಲುತ್ತಾಳೆ, ಆ ನೋಟಕ್ಕೇ ಹೊಸಬರು ಗೇಟು ಮುಟ್ಟುವುದಿಲ್ಲ. ಕೆಂಚನಿಗೆ ಹಾಲಿನವರ ಬೈಕು ಯಾವುದು, ಪೇಪರ್ ಹುಡುಗನ ಸೈಕಲ್ ಯಾವುದು ಸದ್ದಿನಲ್ಲೇ ಗೊತ್ತು, ಅವರಿಗೆ ಕಿವಿ ಮಾತ್ರ ಅಲುಗಿಸುತ್ತಾನೆ, ಬೇರೆ ಬೈಕು ಗೇಟಿನ ಮುಂದೆ ನಿಂತರೆ ಎದ್ದು ನಿಲ್ಲುತ್ತಾನೆ.

ಮೂರರ ವ್ಯತ್ಯಾಸ ಒಂದೇ ರಾತ್ರಿಯಲ್ಲಿ ಕಂಡದ್ದು 2021ರ ಮಳೆಗಾಲದಲ್ಲಿ. ಹಿತ್ತಲಲ್ಲಿ ಕಟ್ಟಿಗೆ ರಾಶಿ ಇತ್ತು. ರಾತ್ರಿ ಎರಡರ ಹೊತ್ತಿಗೆ ಕೆಂಚನ ಬೊಗಳು ಬೇರೆ ಥರ ಕೇಳಿಸಿತು, ತುಂಡು ತುಂಡಾಗಿ, ಒಂದೇ ಸಮ. ಟಾರ್ಚ್ ಹಿಡಿದು ಹೋದರೆ ರಾಶಿಯ ಮುಂದೆ ನಾಗರಹಾವು ಹೆಡೆ ಎತ್ತಿದೆ. ಕೆಂಚ ಅದರಿಂದ ನಾಲ್ಕು ಮಾರು ದೂರ ನಿಂತಿದ್ದ. ಮುಂದೆ ಹೋಗಲಿಲ್ಲ, ಹಿಂದೆಯೂ ಸರಿಯಲಿಲ್ಲ, ಹಾವು ಅತ್ತ ಸರಿದರೆ ತಾನೂ ಅಷ್ಟೇ ಸರಿಯುತ್ತಾ ಬೊಗಳುತ್ತಿದ್ದ. ಚೆಲುವಿ ಒಳಗಿಂದ ಕಿಟಕಿ ಸರಳಿಗೆ ಎಗರುತ್ತಿದ್ದಳು, ಬಾಗಿಲು ತೆರೆದಿದ್ದರೆ ನೇರ ಹೋಗಿ ಬಾಯಿ ಹಾಕುತ್ತಿದ್ದಳು, ಅದರಲ್ಲಿ ಅನುಮಾನವೇ ಇಲ್ಲ. ಬೆಣ್ಣೆ ನನ್ನ ಕಾಲ ಸಂದಿಯಿಂದ ತೂರಿ ಬಾಲ ಆಡಿಸುತ್ತಾ ಹೊಸ ಗೆಳೆಯನನ್ನು ಮಾತಾಡಿಸಲು ಹೊರಟಿದ್ದ, ಕೊರಳಪಟ್ಟಿ ಹಿಡಿದು ಎಳೆದೆ. ಹಾವು ಹಿಡಿಯುವವರು ಬರುವವರೆಗೆ ಮುಕ್ಕಾಲು ಗಂಟೆ ಕೆಂಚ ಆ ಜಾಗ ಬಿಡಲಿಲ್ಲ. ಮಾವ ಅವತ್ತು ಒಂದೇ ಮಾತು ಹೇಳಿದರು, "ಬೀದ್ಯಾಗೆ ಕಲಿತದ್ದು, ಯಾರೂ ಹೇಳಿಕೊಡಕ್ಕಾಗಲ್ಲ."

ಆದರೆ ಬೀದಿ ಕಲಿಸಿದ್ದರಲ್ಲಿ ನೋವೂ ಇತ್ತು, ಅದನ್ನೂ ಹೇಳಬೇಕು. ಕೆಂಚ ಬಂದ ಹೊಸದರಲ್ಲಿ ಕಸ ಗುಡಿಸಲು ಪೊರಕೆ ಎತ್ತಿದರೆ ಸಾಕು, ನೆಲಕ್ಕೆ ಅಂಟಿಕೊಂಡು ಅಲ್ಲೇ ಉಚ್ಚೆ ಮಾಡಿಕೊಳ್ಳುತ್ತಿದ್ದ. ಮೊದಲ ವಾರ ಸರಪಳಿ ಕಟ್ಟಲು ಹೋದ ನಮ್ಮನೆಯವರ ಕೈ ಕಚ್ಚಿದ. ಗಾಯಕ್ಕೆ ಸೋಪು ಹಚ್ಚಿ ಹದಿನೈದು ನಿಮಿಷ ನಲ್ಲಿ ಕೆಳಗೆ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ, ಸೂಜಿಯ ಪೂರ್ತಿ ಕೋರ್ಸ್ ಮುಗಿಸಿದರು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ, ಅರಿಶಿನ, ಸುಣ್ಣ ಹಚ್ಚಿ ಕೂರುವ ವಿಷಯ ಅಲ್ಲ. ಅತ್ತೆ ಅಂದಿನಿಂದ ನಿಂತು ಗುಡಿಸುವುದನ್ನೇ ಬಿಟ್ಟು, ಕೂತು, ಮೋಟು ಪೊರಕೆಯಲ್ಲಿ, ಅವನ ಜೊತೆ ಮಾತಾಡುತ್ತಾ ಗುಡಿಸತೊಡಗಿದರು. ಎಂಟು ತಿಂಗಳು ಬೇಕಾಯಿತು. ಒಂದು ಮಧ್ಯಾಹ್ನ ಅವರು ಕಡಲೆಕಾಯಿ ಸುಲಿಯುತ್ತಾ ಕೂತಿದ್ದಾಗ, ಪೊರಕೆ ಪಕ್ಕದಲ್ಲೇ ಬಿದ್ದಿತ್ತು, ಕೆಂಚ ಬಂದು ಅದನ್ನು ಮೂಸಿ, ದಾಟಿ, ಅತ್ತೆಯ ಪಾದದ ಮೇಲೆ ಗದ್ದ ಇಟ್ಟು ಮಲಗಿದ. ಅತ್ತೆ ಸಂಜೆಯ ಕಾಫಿಗೂ ಏಳಲಿಲ್ಲ.

ಬೆಣ್ಣೆಗೆ ಇಂಥ ಭಯ ಒಂದೂ ಇರಲಿಲ್ಲ. ಮೂರು ವರ್ಷದ ಮಗ ಅವನ ಕಿವಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದ. ಚೆಲುವಿಯನ್ನು ತಬ್ಬಿಕೊಳ್ಳಲು ಹೋದರೆ ಮೆಲ್ಲಗೆ ಎದ್ದು ಬೇರೆ ಕಡೆ ಹೋಗುತ್ತಾಳೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ತಾನಾಗೇ ಬಂದು ನನ್ನ ಬೆನ್ನಿಗೆ ಬೆನ್ನು ಆನಿಸುತ್ತಾಳೆ. ಚಿಕ್ಕ ಮಕ್ಕಳಿರುವ ಮನೆಗೆ ಲ್ಯಾಬ್‌ನ ಸಮ ಇಲ್ಲ, ಒಪ್ಪುತ್ತೇನೆ.

ಖರ್ಚು ಬೇಗ ಹೇಳಿಬಿಡುತ್ತೇನೆ. ಬೆಣ್ಣೆಗೆ ಊಟ, ಔಷಧಿ ಸೇರಿ ತಿಂಗಳಿಗೆ ಐದಾರು ಸಾವಿರ ಆಗುತ್ತಿತ್ತು. ದಟ್ಟ ಕೂದಲಲ್ಲಿ ಉಣ್ಣೆಹುಳ ಅಡಗಿ ಎರಡು ಸಲ ಜ್ವರ ಬಂತು, ರಕ್ತದ ಪ್ಲೇಟ್‌ಲೆಟ್ ಇಳಿದು ಗ್ಲೂಕೋಸ್ ಹಾಕಿಸಬೇಕಾಯಿತು. ತೂಕ 41 ಕೆ.ಜಿ. ಮುಟ್ಟಿ ಹಿಂಗಾಲಿನ ಕೀಲು ಸೋತಿತು. ಚೆಲುವಿಗೆ ಅದರ ಅರ್ಧ, ಅದೂ ಮುಳ್ಳು ತರಚಿ ಹೊಲಿಗೆ ಹಾಕಿಸಿದ್ದೇ ಜಾಸ್ತಿ. ಕೆಂಚ ನಾವು ಉಣ್ಣುವ ಅನ್ನ, ಮುದ್ದೆ, ಮೊಟ್ಟೆ, ಉಪ್ಪು ಖಾರ ಹಾಕದ ಬೇಯಿಸಿದ ಕೋಳಿ ತಿನ್ನುತ್ತಾನೆ, ವರ್ಷದ ಲಸಿಕೆ ಮತ್ತು ಜಂತುಹುಳದ ಮಾತ್ರೆ ಬಿಟ್ಟರೆ ಡಾಕ್ಟರ್ ಮುಖ ನೋಡಿದ್ದು ಸಂತಾನಹರಣ ಆಪರೇಷನ್‌ಗೆ ಒಂದು ಸಲ.

ಬೆಣ್ಣೆ 2023ರಲ್ಲಿ ಹೋದ, ಹನ್ನೊಂದು ವರ್ಷ ಆಗಿತ್ತು. ಕೊನೆಯ ತಿಂಗಳು ಅವನನ್ನು ಟವೆಲ್ ಜೋಲಿಯಲ್ಲಿ ಎತ್ತಿ ಹೊರಗೆ ಕರೆದೊಯ್ಯುತ್ತಿದ್ದೆವು. ಗದ್ದೆ ಬದುವಿನ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದೆವು. ಅವನಷ್ಟು ಪ್ರೀತಿ ನನಗೆ ಬೇರೆ ಯಾವ ನಾಯಿಯೂ ತೋರಿಸಿಲ್ಲ, ಚೆಲುವಿಯ ಓಟದಷ್ಟು ಚೆಂದದ್ದನ್ನು ನಾನು ನೋಡಿಲ್ಲ. ಇಷ್ಟಾದರೂ ದಾವಣಗೆರೆಯ ಬಿಸಿಲಲ್ಲಿ, 30x40ರ ಮನೆಯಲ್ಲಿ, ವಯಸ್ಸಾದವರೂ ಇರುವ ಕಡೆ ಯಾವುದು ತರಲಿ ಅಂತ ಕೇಳಿದರೆ ನಾನು ಬೀದಿ ಮರಿಯನ್ನೇ ಹೇಳುವುದು. ಬೆಣ್ಣೆಯನ್ನು ಇನ್ನೊಮ್ಮೆ ಆ ಬಚ್ಚಲುಮನೆಯಲ್ಲಿ ಮೂರು ತಿಂಗಳು ನೋಡುವ ಶಕ್ತಿ ನನಗಿಲ್ಲ. ಬೀದಿಯದು ಅಂದರೆ ಸುಮ್ನೆ ತಂದು ಕಟ್ಟಿಹಾಕುವುದಲ್ಲ. ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಅನ್ನುವ ರೋಗಗಳು ಬರದ ಹಾಗೆ ಮೊದಲ ಲಸಿಕೆ, ಆಮೇಲೆ ಅದರ ಮುಂದಿನ ಡೋಸ್, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ದೊಡ್ಡದಾದ ಮೇಲೆ ಆಪರೇಷನ್. ಇಷ್ಟು ಆಗುತ್ತದೆ ಅನ್ನುವವರು ಮಾತ್ರ ತನ್ನಿ.

ನಮ್ಮ ಓಣಿ ತುದಿಯಲ್ಲಿ, ಮೋರಿ ಪಕ್ಕದ ಹಳೇ ಪೈಪಿನೊಳಗೆ ಈಗ ಐದು ಮರಿ ಇವೆ, ಎರಡಕ್ಕೆ ಮನೆ ಸಿಕ್ಕಿದೆ. ಉಳಿದ ಮೂರರಲ್ಲಿ ಎರಡು ಕರಿದು, ಒಂದು ಕೆಂಚನದೇ ಬಣ್ಣ, ಬಲ ಮುಂಗಾಲು ಬೆಳ್ಳಗೆ. ನಿಂತರೆ ಓಡುತ್ತದೆ. ಕುಕ್ಕರಗಾಲಲ್ಲಿ ಕೂತು ಎರಡು ನಿಮಿಷ ಕಾದರೆ ಆ ಬಿಳಿ ಕಾಲಿನದೇ ಮೊದಲು ಹತ್ತಿರ ಬರುತ್ತದೆ.